ಸಲಹೆ ಕಾಯ್ದೆಯಾದ ಬಗೆ: ರಾಷ್ಟ್ರೀಯ ಸಲಹಾ ಮಂಡಳಿ ಮತ್ತು ಮಾಹಿತಿ ಹಕ್ಕು, ಒಂದು ಪ್ರಕರಣ ಅಧ್ಯಯನ

ಸರ್ಕಾರಗಳು ನಾಗರಿಕ ಸಮಾಜದ ಪ್ರತಿನಿಧಿಗಳನ್ನು ಸೇರಿಸಿಕೊಂಡು ಸಲಹಾ ಮಂಡಳಿ, ಸಲಹಾ ಸಮಿತಿ ರಚಿಸುವುದು ಹೊಸದೇನಲ್ಲ. ಅವುಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೆರಡು ಸಭೆ ಸೇರಿ, ನಡಾವಳಿ ಬರೆದು, ಆ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಅನುಮೋದಿಸಿ, ಅವಧಿ ಮುಗಿದಾಗ ಸದ್ದಿಲ್ಲದೆ ಮುಕ್ತಾಯವಾಗುತ್ತವೆ. ಇದಕ್ಕೆ ಹೊರತಾದ ಒಂದು ಪ್ರಕರಣ ನಮ್ಮ ದೇಶದಲ್ಲಿ ನಡೆದಿದೆ. ಆಗಸ್ಟ್ 2004ರಲ್ಲಿ ರಾಷ್ಟ್ರೀಯ ಸಲಹಾ ಮಂಡಳಿ ಪ್ರಧಾನಿಯವರಿಗೆ ಕಳುಹಿಸಿದ ಶಿಫಾರಸುಗಳು ಒಂಬತ್ತು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳಲ್ಲಿ ಅಂಗೀಕಾರಗೊಂಡ ಮಾಹಿತಿ ಹಕ್ಕು ಕಾಯ್ದೆಯ ರೂಪ ತಳೆದವು. ಅದೇ ಮಂಡಳಿ, ಅದೇ ಅಧ್ಯಕ್ಷತೆಯಲ್ಲಿ, ಕೆಲವು ವರ್ಷಗಳ ನಂತರ ಇನ್ನೂ ದೊಡ್ಡ ಸಿದ್ಧತೆಯೊಂದಿಗೆ ಕೊಟ್ಟ ಬೇರೆ ಸಲಹೆಗಳು ಅರ್ಧಕ್ಕೆ ಇಳಿದವು, ಇಲ್ಲವೇ ಪೂರ್ತಿ ಬಿದ್ದುಹೋದವು.

ಈ ವ್ಯತ್ಯಾಸ ಏಕೆ ಎಂಬುದೇ ಈ ಅಧ್ಯಯನದ ಪ್ರಶ್ನೆ. ಅಧಿಕಾರಸ್ಥರಿಗೆ ಹತ್ತಿರವಿದ್ದುದರಿಂದ ಮಂಡಳಿ ಗೆದ್ದಿತು ಎಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ಆದರೆ ಆ ಸಾಮೀಪ್ಯ ಗೆದ್ದ ಸಲಹೆಗಳಿಗೂ ಸೋತ ಸಲಹೆಗಳಿಗೂ ಒಂದೇ ಪ್ರಮಾಣದಲ್ಲಿತ್ತು. ನಿಜವಾಗಿ ಬೇರೆಯಾಗಿದ್ದದ್ದು ಮಂಡಳಿಯ ಹೊರಗೆ, ಮಂಡಳಿ ಹುಟ್ಟುವ ಮೊದಲೇ, ಆ ವಿಷಯದ ಮೇಲೆ ಎಷ್ಟು ಕೆಲಸ ಆಗಿತ್ತು ಎಂಬುದು.

ಮಂಡಳಿಯ ಸ್ವರೂಪ

ಮೇ 2004ರಲ್ಲಿ ಮನಮೋಹನ್ ಸಿಂಗ್ ಅವರ ನೇತೃತ್ವದಲ್ಲಿ ಸಂಯುಕ್ತ ಪ್ರಗತಿಪರ ಮೈತ್ರಿಕೂಟದ ಸರ್ಕಾರ ಅಧಿಕಾರಕ್ಕೆ ಬಂದಿತು. ಎಡಪಕ್ಷಗಳು ಹೊರಗಿನಿಂದ ಬೆಂಬಲ ನೀಡಿದ್ದವು. ಮೈತ್ರಿಕೂಟದ ಪಕ್ಷಗಳು ಒಪ್ಪಿಕೊಂಡ ರಾಷ್ಟ್ರೀಯ ಸಾಮಾನ್ಯ ಕನಿಷ್ಠ ಕಾರ್ಯಕ್ರಮದ ಜಾರಿಯ ಮೇಲೆ ಕಣ್ಣಿಡುವುದಕ್ಕಾಗಿ ಜೂನ್ 2004ರಲ್ಲಿ ರಾಷ್ಟ್ರೀಯ ಸಲಹಾ ಮಂಡಳಿ ಅಸ್ತಿತ್ವಕ್ಕೆ ಬಂತು. ಕಾಂಗ್ರೆಸ್ ಅಧ್ಯಕ್ಷೆ ಸೋನಿಯಾ ಗಾಂಧಿ ಸಂಪುಟ ದರ್ಜೆಯ ಸ್ಥಾನಮಾನದೊಂದಿಗೆ ಇದರ ಅಧ್ಯಕ್ಷರಾದರು. ಮಾಹಿತಿ ಹಕ್ಕು ಹೋರಾಟಗಾರ್ತಿ ಅರುಣಾ ರಾಯ್, ಅರ್ಥಶಾಸ್ತ್ರಜ್ಞ ಜೀನ್ ಡ್ರೀಜ್, ನಿವೃತ್ತ ಐಎಎಸ್ ಅಧಿಕಾರಿ ಎನ್.ಸಿ. ಸಕ್ಸೇನಾ, ಲೋಕಸತ್ತಾ ಸಂಘಟನೆಯ ಜಯಪ್ರಕಾಶ್ ನಾರಾಯಣ್, ಮಹಿಳಾ ಕಾರ್ಮಿಕರ ನಡುವೆ ಕೆಲಸ ಮಾಡಿದ ಮಿರಾಯ್ ಚಟರ್ಜಿ ಮೊದಲಾದವರು ಸದಸ್ಯರಾಗಿದ್ದರು.

ಮಂಡಳಿಯನ್ನು ರಚಿಸಿದ್ದು ಕಾರ್ಯಾಂಗದ ಒಂದು ಆದೇಶ. ಸಂಸತ್ತಿನ ಕಾಯ್ದೆಯ ಆಧಾರ ಅದಕ್ಕಿರಲಿಲ್ಲ. ಅದರ ಸಲಹೆಯನ್ನು ಒಪ್ಪಲೇಬೇಕೆಂಬ ನಿಯಮವಾಗಲಿ, ಒಪ್ಪದಿದ್ದರೆ ಕಾರಣ ಬರೆದುಕೊಡಬೇಕೆಂಬ ನಿಯಮವಾಗಲಿ ಇರಲಿಲ್ಲ. ಕಾಗದದ ಮೇಲೆ ನೋಡಿದರೆ ಇದು ಬಹಳ ದುರ್ಬಲ ಸಂಸ್ಥೆ. ವಾಸ್ತವದಲ್ಲಿ ಆಡಳಿತ ಮೈತ್ರಿಕೂಟದ ಮುಖ್ಯಸ್ಥರೇ ಅಧ್ಯಕ್ಷರಾಗಿದ್ದರಿಂದ ಅದರ ಪತ್ರವನ್ನು ಯಾವ ಸಚಿವಾಲಯವೂ ಕಡತಕ್ಕೆ ಸೇರಿಸಿ ಮರೆಯುವಂತಿರಲಿಲ್ಲ. ಈ ಇಬ್ಬಗೆ, ಅಂದರೆ ಕಾನೂನಿನ ಬಲವಿಲ್ಲದೆ ವ್ಯಕ್ತಿಯ ಬಲ ಮಾತ್ರ ಇದ್ದದ್ದು, ಮಂಡಳಿಯ ಸಾಧನೆ ಮತ್ತು ಮಿತಿ ಎರಡರಲ್ಲೂ ಕೊನೆಯವರೆಗೆ ಕಾಣಿಸಿಕೊಳ್ಳುತ್ತದೆ.

ಮಂಡಳಿಗೆ ಮೊದಲಿನ ಹತ್ತು ವರ್ಷ

ಮಾಹಿತಿ ಹಕ್ಕಿನ ಕಥೆ ದೆಹಲಿಯಲ್ಲಿ ಆರಂಭವಾಗುವುದಿಲ್ಲ. 1990ರಲ್ಲಿ ರಾಜಸ್ಥಾನದ ಒಣಭೂಮಿಯ ಹಳ್ಳಿಗಳಲ್ಲಿ ಕೂಲಿಕಾರರು ಮತ್ತು ಸಣ್ಣ ರೈತರು ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘಟನೆ ಕಟ್ಟಿದರು. ಐಎಎಸ್ ಹುದ್ದೆ ಬಿಟ್ಟು ಬಂದಿದ್ದ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಇದರ ಸ್ಥಾಪಕರಲ್ಲಿ ಪ್ರಮುಖರು. ಬರ ಪರಿಹಾರ ಕಾಮಗಾರಿಗಳಲ್ಲಿ ದುಡಿದವರಿಗೆ ನಿಗದಿತ ಕನಿಷ್ಠ ಕೂಲಿ ಸಿಗುತ್ತಿಲ್ಲ ಎಂಬುದು ಅವರ ಮೊದಲ ದೂರು. ಕೇಳಿದರೆ, ಅಳತೆಯಷ್ಟು ಕೆಲಸ ಆಗಿಲ್ಲವೆಂದು ದಾಖಲೆಯಲ್ಲಿದೆ ಎಂಬ ಉತ್ತರ ಬರುತ್ತಿತ್ತು. ದಾಖಲೆ ತೋರಿಸಿ ಎಂದರೆ ಅದು ಗೋಪ್ಯ. ಬ್ರಿಟಿಷರು 1923ರಲ್ಲಿ ಮಾಡಿದ ಅಧಿಕೃತ ರಹಸ್ಯಗಳ ಕಾಯ್ದೆ ಹಳ್ಳಿಯ ಕೆರೆ ಹೂಳೆತ್ತುವ ಕಾಮಗಾರಿಯ ಹಾಜರಿ ಪಟ್ಟಿಯವರೆಗೂ ತನ್ನ ನೆರಳು ಚಾಚಿತ್ತು.

ಡಿಸೆಂಬರ್ 1994ರಲ್ಲಿ ಕೋಟ್ ಕಿರಾಣಾ ಎಂಬ ಊರಿನಲ್ಲಿ ಸಂಘಟನೆ ಮೊದಲ ಜನಸುನವಾಯಿ, ಅಂದರೆ ಬಹಿರಂಗ ವಿಚಾರಣೆ, ನಡೆಸಿತು. ಸಹಾನುಭೂತಿಯಿದ್ದ ಅಧಿಕಾರಿಯೊಬ್ಬರಿಂದ ದೊರೆತ ಮಸ್ಟರ್ ರೋಲ್, ಬಿಲ್ಲು, ವೋಚರುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಮಸ್ಟರ್ ರೋಲ್ ನೋಡಲು ಸಾದಾ ಕಾಗದ. ಕೂಲಿಯವರ ಹೆಸರು, ದಿನಗಳ ಮನೆಗಳಲ್ಲಿ ಹಾಜರಿಯ ಗುರುತು, ಒಟ್ಟು ಮೊತ್ತ, ಕೊನೆಯ ಅಂಕಣದಲ್ಲಿ ಸಹಿ ಅಥವಾ ಹೆಬ್ಬೆಟ್ಟು. ಇಷ್ಟನ್ನು ಓದುತ್ತಿದ್ದಂತೆ, ಆ ಕಾಮಗಾರಿಗೆ ಕಾಲಿಡದವರ ಹೆಸರುಗಳೂ ಅಲ್ಲಿ ಇರುವುದು ಬಯಲಾಯಿತು. ಹೆಸರಿದ್ದವರು ಜನರ ನಡುವೆಯೇ ಕುಳಿತಿದ್ದರು. ತಾವು ದುಡಿದಿಲ್ಲ, ಹಣ ಪಡೆದಿಲ್ಲ ಎಂದು ಎದ್ದು ನಿಂತು ಹೇಳಿದರು. ಲೆಕ್ಕಪರಿಶೋಧಕರಿಗೆ ಸರಿಯಾಗಿ ಕಂಡ ಕಾಗದ, ಅದರಲ್ಲಿ ಹೆಸರಿದ್ದವರ ಎದುರಿಗೆ ಬಂದಾಗ ಒಂದು ಗಳಿಗೆಯೂ ನಿಲ್ಲಲಿಲ್ಲ. ಮುಂದೆ ಕಾಯ್ದೆಯಲ್ಲಿ ಏನಿರಬೇಕು ಎಂಬ ತಿಳಿವಳಿಕೆ ಇಂಥ ಸಭೆಗಳಲ್ಲೇ ರೂಪುಗೊಂಡಿತು. ದಾಖಲೆಯ ನಕಲು ಕೈಗೆ ಸಿಗಬೇಕು, ದೂರದಿಂದ ತೋರಿಸಿದರೆ ಸಾಲದು. ಏಕೆ ಬೇಕೆಂದು ಕೇಳುವ ಅಧಿಕಾರ ಅಧಿಕಾರಿಗೆ ಇರಬಾರದು. ಕೊಡದಿದ್ದವನಿಗೆ ವೈಯಕ್ತಿಕವಾಗಿ ಬಿಸಿ ತಟ್ಟಬೇಕು.

ಏಪ್ರಿಲ್ 1996ರಲ್ಲಿ ಅಜ್ಮೇರ್ ಜಿಲ್ಲೆಯ ಬ್ಯಾವರ್ ಪಟ್ಟಣದಲ್ಲಿ 40 ದಿನಗಳ ಧರಣಿ ನಡೆಯಿತು. 'ನಮ್ಮ ದುಡ್ಡು, ನಮ್ಮ ಲೆಕ್ಕ' ಎಂಬ ಅರ್ಥದ ಘೋಷಣೆ ಆ ಚಳವಳಿಯ ಗುರುತಾಯಿತು. ಅದೇ ವರ್ಷ ಮಾಹಿತಿ ಹಕ್ಕಿಗಾಗಿ ಜನರ ರಾಷ್ಟ್ರೀಯ ಆಂದೋಲನ ಹುಟ್ಟಿತು. ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ಅಧ್ಯಕ್ಷತೆಯ ಭಾರತೀಯ ಪತ್ರಿಕಾ ಮಂಡಳಿ ಕಾಯ್ದೆಯ ಕರಡನ್ನು ಸಿದ್ಧಪಡಿಸಿತು. ಅದಕ್ಕೆ ಪೂರ್ವಭಾವಿಯಾದ ಚರ್ಚೆಯೊಂದು ಐಎಎಸ್ ಅಧಿಕಾರಿಗಳು ತರಬೇತಿ ಪಡೆಯುವ ಮಸ್ಸೂರಿಯ ಅಕಾಡೆಮಿಯಲ್ಲಿಯೇ ನಡೆದಿತ್ತು ಎಂಬುದು ಗಮನಾರ್ಹ. ಆಡಳಿತ ವ್ಯವಸ್ಥೆಯೊಳಗೂ ಈ ಬೇಡಿಕೆಗೆ ಕಿವಿಗೊಡುವವರು ಇದ್ದರು. ತಮಿಳುನಾಡು ಮತ್ತು ಗೋವಾ 1997ರಲ್ಲಿ, ರಾಜಸ್ಥಾನ ಮತ್ತು ಕರ್ನಾಟಕ 2000ದಲ್ಲಿ ತಮ್ಮದೇ ಕಾಯ್ದೆಗಳನ್ನು ಮಾಡಿದವು. ಕೇಂದ್ರದಲ್ಲಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆ 2002ರಲ್ಲಿ ಅಂಗೀಕಾರವಾಯಿತಾದರೂ ಅದನ್ನು ಜಾರಿಗೊಳಿಸುವ ಅಧಿಸೂಚನೆ ಹೊರಬೀಳಲೇ ಇಲ್ಲ. ಜಾರಿಯಾಗಿದ್ದರೂ ಹೆಚ್ಚು ಪ್ರಯೋಜನವಿರುತ್ತಿರಲಿಲ್ಲ. ಮಾಹಿತಿ ನಿರಾಕರಿಸಿದವರಿಗೆ ದಂಡ ಅದರಲ್ಲಿರಲಿಲ್ಲ, ಸ್ವತಂತ್ರ ಮೇಲ್ಮನವಿ ಪ್ರಾಧಿಕಾರವೂ ಇರಲಿಲ್ಲ.

ಹೀಗೆ 2004ರ ಹೊತ್ತಿಗೆ ಹಳ್ಳಿಯ ಅನುಭವ, ಹಲವು ರಾಜ್ಯಗಳ ಕಾಯ್ದೆಗಳ ಗುಣದೋಷ, ಒಂದು ಸತ್ತ ಕೇಂದ್ರ ಕಾಯ್ದೆ, ಪದಪದವೂ ಚರ್ಚೆಯಾದ ಕರಡು ಇವೆಲ್ಲವೂ ಸಿದ್ಧವಾಗಿದ್ದವು. ಇಲ್ಲದಿದ್ದದ್ದು ಸರ್ಕಾರದೊಳಗೆ ಅದನ್ನು ಅಧಿಕೃತವಾಗಿ ಮಂಡಿಸುವ ಸ್ಥಾನ.

ಶಿಫಾರಸಿನಿಂದ ರಾಜ್ಯಪತ್ರದವರೆಗೆ

ಸಾಮಾನ್ಯ ಕನಿಷ್ಠ ಕಾರ್ಯಕ್ರಮದಲ್ಲಿ ಮಾಹಿತಿ ಹಕ್ಕಿನ ಕಾನೂನನ್ನು ಇನ್ನಷ್ಟು ಪ್ರಗತಿಪರವೂ ಅರ್ಥಪೂರ್ಣವೂ ಮಾಡುವ ಭರವಸೆ ಇತ್ತು. ಮಂಡಳಿ ಆ ಸಾಲನ್ನು ಹಿಡಿದುಕೊಂಡಿತು. ಆಂದೋಲನ ಸಿದ್ಧಪಡಿಸಿದ್ದ ಕರಡನ್ನು ತನ್ನ ಆರಂಭದ ಸಭೆಗಳಲ್ಲೇ ಚರ್ಚಿಸಿ, 2002ರ ಕಾಯ್ದೆಗೆ ಮಾಡಬೇಕಾದ ಬದಲಾವಣೆಗಳ ರೂಪದಲ್ಲಿ ಆಗಸ್ಟ್‌ನಲ್ಲಿ ಪ್ರಧಾನಿಯವರಿಗೆ ಕಳುಹಿಸಿತು. ಮಂಡಳಿ ಕರಡನ್ನು ಮೊದಲಿನಿಂದ ಬರೆಯಲು ಕೂರಲಿಲ್ಲ. ಹಾಗೆ ಕೂತಿದ್ದರೆ ಸರ್ಕಾರದ ಮೊದಲ ವರ್ಷದ ರಾಜಕೀಯ ಉತ್ಸಾಹ ಇಳಿಯುವ ಮೊದಲು ಕೆಲಸ ಮುಗಿಯುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಆದರೆ ಡಿಸೆಂಬರ್ 2004ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆ ಮಂಡಳಿ ಕಳುಹಿಸಿದ್ದಂತೆ ಇರಲಿಲ್ಲ. ಅದು ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ ಅನ್ವಯವಾಗುವಂತಿತ್ತು. ಪಂಚಾಯಿತಿ, ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಪಡಿತರ ಅಂಗಡಿ, ಅಂದರೆ ಬಡವರು ದಿನನಿತ್ಯ ಎಡತಾಕುವ ಬಹುತೇಕ ಕಚೇರಿಗಳು ಅದರ ವ್ಯಾಪ್ತಿಯ ಹೊರಗೇ ಉಳಿಯುತ್ತಿದ್ದವು. ದಂಡದ ವಿಧಿಯನ್ನೂ ಸಡಿಲಗೊಳಿಸಲಾಗಿತ್ತು. ಆಡಳಿತ ಪಕ್ಷದ ಅಧ್ಯಕ್ಷರೇ ಮುಖ್ಯಸ್ಥರಾಗಿದ್ದ ಮಂಡಳಿಯ ಸಲಹೆಯನ್ನೂ ಸಚಿವಾಲಯದ ಮೇಜು ಇಷ್ಟರ ಮಟ್ಟಿಗೆ ತೆಳುವಾಗಿಸಬಲ್ಲದು. ಮಂಡಳಿಯ ಪ್ರಭಾವದ ಬಗ್ಗೆ ಬರೆಯುವವರು ಈ ಘಟ್ಟವನ್ನು ಬೇಗ ದಾಟಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುಳು ಇಲ್ಲಿದೆ.

ಮುಂದೆ ನಡೆದದ್ದು ಮಂಡಳಿಯ ಕೋಣೆಯಲ್ಲಿ ಅಲ್ಲ. ಮಸೂದೆ ಹೇಗೆ ಬದಲಾಗಿದೆ ಎಂಬುದನ್ನು ಆಂದೋಲನದವರು ಮೂಲ ಕರಡಿನೊಂದಿಗೆ ಹೋಲಿಸಿ ಸಾರ್ವಜನಿಕರ ಮುಂದಿಟ್ಟರು. ಶಿಫಾರಸು ಬಹಿರಂಗವಾಗಿದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ಸಲಹೆ ಗೋಪ್ಯ ಪತ್ರವಾಗಿದ್ದರೆ ಏನನ್ನು ಕಿತ್ತುಹಾಕಲಾಗಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರತಿಭಟನೆ ಎದ್ದ ಮೇಲೆ ಮಸೂದೆ ಇ.ಎಂ. ಸುದರ್ಶನ ನಾಚ್ಚಿಯಪ್ಪನ್ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿಯ ಮುಂದೆ ಹೋಯಿತು. ಆಂದೋಲನದ ಪ್ರತಿನಿಧಿಗಳು ಸಮಿತಿಯ ಮುಂದೆ ಹಾಜರಾಗಿ ವಾದ ಮಂಡಿಸಿದರು. ಮಾರ್ಚ್ 2005ರಲ್ಲಿ ಸಮಿತಿ ಕೊಟ್ಟ ವರದಿ ಮಸೂದೆಯನ್ನು ಮತ್ತೆ ಬಲಪಡಿಸಿತು, ರಾಜ್ಯಗಳನ್ನೂ ಅದರ ವ್ಯಾಪ್ತಿಗೆ ತಂದಿತು. ನೂರಕ್ಕೂ ಹೆಚ್ಚು ತಿದ್ದುಪಡಿಗಳೊಂದಿಗೆ ಮಸೂದೆ 11 ಮೇ 2005ರಂದು ಲೋಕಸಭೆಯಲ್ಲಿ, ಮರುದಿನ ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. ಜೂನ್ 15ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ಅಕ್ಟೋಬರ್ 12ರಿಂದ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂತು.

ಕಾಯ್ದೆಯ ಕೆಲವು ವಿಧಿಗಳನ್ನು ಹತ್ತಿರದಿಂದ ನೋಡಿದರೆ ಅವು ಎಲ್ಲಿಂದ ಬಂದವು ಎಂಬುದು ತಿಳಿಯುತ್ತದೆ. ಅರ್ಜಿದಾರ ಕಾರಣ ಹೇಳಬೇಕಾಗಿಲ್ಲ ಎನ್ನುತ್ತದೆ 6ನೇ ಪ್ರಕರಣ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು, ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಗಳಲ್ಲಿ ಎನ್ನುತ್ತದೆ 7ನೇ ಪ್ರಕರಣ. ನಿರಾಕರಣೆ ಸರಿ ಎಂದು ಸಾಬೀತುಪಡಿಸುವ ಹೊಣೆ ಅಧಿಕಾರಿಯದು, ಅರ್ಜಿದಾರನದಲ್ಲ ಎಂಬುದು 19ನೇ ಪ್ರಕರಣದಲ್ಲಿದೆ. 20ನೇ ಪ್ರಕರಣದ ಪ್ರಕಾರ ಸಕಾರಣವಿಲ್ಲದೆ ತಡ ಮಾಡಿದ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿಯವರೆಗೆ ದಂಡ. ಇದನ್ನು ಇಲಾಖೆ ಭರಿಸುವುದಿಲ್ಲ, ಅಧಿಕಾರಿಯೇ ಕೈಯಿಂದ ತೆರಬೇಕು. ಮೊತ್ತ ದೊಡ್ಡದಲ್ಲ. ಆದರೂ ತಡಕ್ಕೆ ಹೆಸರಿರುವ ಒಬ್ಬ ವ್ಯಕ್ತಿ ಹೊಣೆ ಎಂಬ ತತ್ವ ನಮ್ಮ ಕಚೇರಿಗಳಿಗೆ ಹೊಸದಾಗಿತ್ತು, ಮತ್ತು ಈ ಒಂದು ವಿಧಿಯನ್ನು ಉಳಿಸಿಕೊಳ್ಳಲು ನಡೆದ ಹೋರಾಟ ಉಳಿದೆಲ್ಲಕ್ಕಿಂತ ತೀವ್ರವಾಗಿತ್ತು ಎಂಬುದರಲ್ಲಿ ಆಶ್ಚರ್ಯವಿಲ್ಲ. ಕಾಯ್ದೆ ಜಾರಿಯಾದ ಮರುವರ್ಷ ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ ತನ್ನ ಮೊಟ್ಟಮೊದಲ ವರದಿಯನ್ನೇ ಮಾಹಿತಿ ಹಕ್ಕಿಗೆ ಮೀಸಲಿಟ್ಟು, ಉತ್ತಮ ಆಡಳಿತಕ್ಕೆ ಇದೇ ಮೂಲ ಕೀಲಿಕೈ ಎಂದು ಕರೆಯಿತು.

ಉದ್ಯೋಗ ಖಾತ್ರಿ ಕಾಯ್ದೆಯದೂ ಬಹುಮಟ್ಟಿಗೆ ಇದೇ ಹಾದಿ. ಮಂಡಳಿ ಕಳುಹಿಸಿದ ಕರಡು ಡಿಸೆಂಬರ್ 2004ರ ಮಸೂದೆಯಲ್ಲಿ ಸೊರಗಿತ್ತು, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಸೀಮಿತವಾಗಿತ್ತು. ಹೊರಗೆ ಜಾಥಾ ನಡೆಯಿತು, ಸ್ಥಾಯಿ ಸಮಿತಿ ತಿದ್ದಿತು, ಆಗಸ್ಟ್ 2005ರಲ್ಲಿ ಎಲ್ಲ ಗ್ರಾಮೀಣ ಕುಟುಂಬಗಳಿಗೆ ವರ್ಷಕ್ಕೆ 100 ದಿನಗಳ ಕೆಲಸದ ಹಕ್ಕು ಕೊಡುವ ಕಾಯ್ದೆಯಾಗಿ ಅದು ಹೊರಬಂತು. ಫೆಬ್ರುವರಿ 2006ರಲ್ಲಿ 200 ಜಿಲ್ಲೆಗಳಲ್ಲಿ ಜಾರಿಯಾಯಿತು.

ಮಂಡಳಿ ಮಂಕಾದ ಹೊತ್ತಿನ ಪರೀಕ್ಷೆ

ಮಾರ್ಚ್ 2006ರಲ್ಲಿ ಲಾಭದಾಯಕ ಹುದ್ದೆಯ ವಿವಾದ ಎದ್ದಿತು. ಸಂಸದರು ಸರ್ಕಾರದ ಲಾಭದಾಯಕ ಹುದ್ದೆ ಹೊಂದುವಂತಿಲ್ಲ ಎಂಬ ಸಾಂವಿಧಾನಿಕ ನಿರ್ಬಂಧದ ಅಡಿಯಲ್ಲಿ ಮಂಡಳಿಯ ಅಧ್ಯಕ್ಷ ಸ್ಥಾನವೂ ಪ್ರಶ್ನೆಗೆ ಒಳಗಾಯಿತು. ಸೋನಿಯಾ ಗಾಂಧಿ ಲೋಕಸಭಾ ಸದಸ್ಯತ್ವಕ್ಕೂ ಮಂಡಳಿಯ ಅಧ್ಯಕ್ಷತೆಗೂ ರಾಜೀನಾಮೆ ಕೊಟ್ಟು, ಮೇ ತಿಂಗಳಲ್ಲಿ ರಾಯಬರೇಲಿಯಿಂದ ಮರುಆಯ್ಕೆಯಾದರು. ಅಧ್ಯಕ್ಷರಿಲ್ಲದ ಮಂಡಳಿಯ ಕಾವು ಇಳಿಯಿತು. 2008ರಲ್ಲಿ ಅದು ಮುಕ್ತಾಯವಾಯಿತು. ಒಬ್ಬರ ರಾಜೀನಾಮೆಯಿಂದ ಇಡೀ ಸಂಸ್ಥೆ ಮಂಕಾಗುವುದಾದರೆ ಅದು ಸಂಸ್ಥೆಯಾಗಿ ಬೇರುಬಿಟ್ಟಿರಲಿಲ್ಲ ಎಂದೇ ಹೇಳಬೇಕು.

ಸರಿಯಾಗಿ ಇದೇ ಸಮಯಕ್ಕೆ ಮಾಹಿತಿ ಹಕ್ಕಿನ ಮೇಲೆ ಮೊದಲ ದೊಡ್ಡ ದಾಳಿಯಾಯಿತು. ಜುಲೈ 2006ರಲ್ಲಿ ಕೇಂದ್ರ ಸಂಪುಟ ಕಡತದ ಟಿಪ್ಪಣಿಗಳನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡುವ ತಿದ್ದುಪಡಿಗೆ ಒಪ್ಪಿಗೆ ನೀಡಿತು. ಕಡತ ಮೇಜಿನಿಂದ ಮೇಜಿಗೆ ಹೋಗುವಾಗ ಯಾರು ಏನು ಬರೆದರು, ಯಾರು ಆಕ್ಷೇಪಿಸಿದರು, ಯಾರು ಆಕ್ಷೇಪವನ್ನು ತಳ್ಳಿಹಾಕಿದರು ಎಂಬುದೆಲ್ಲ ಆ ಟಿಪ್ಪಣಿ ಹಾಳೆಗಳಲ್ಲಿಯೇ ಇರುತ್ತದೆ. ಅವನ್ನು ತೆಗೆದರೆ ಜನರಿಗೆ ಸಿಗುವುದು ತೀರ್ಮಾನ ಮಾತ್ರ, ಅದಕ್ಕೆ ಕಾರಣರಾದವರು ಮರೆಯಲ್ಲೇ ಉಳಿಯುತ್ತಾರೆ. ತಡೆಯಲು ಮಂಡಳಿಯಲ್ಲಿ ಶಕ್ತಿಯಿರಲಿಲ್ಲ. ಆದರೆ ಅದೇ ಜನ, ಅದೇ ಆಂದೋಲನ ಬೀದಿಗಿಳಿಯಿತು. ಮಹಾರಾಷ್ಟ್ರದಲ್ಲಿ ಅಣ್ಣಾ ಹಜಾರೆ ಉಪವಾಸ ಕೂತರು. ಆಗಸ್ಟ್‌ನಲ್ಲಿ ಸರ್ಕಾರ ಆ ತಿದ್ದುಪಡಿ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸದೆ ಬಿಟ್ಟಿತು. ಕಾಯ್ದೆಯನ್ನು ತಂದವರು ಯಾರು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ, ಅದನ್ನು ಉಳಿಸಿದವರು ಯಾರು ಎಂದೂ ಕೇಳಬೇಕಾಗುತ್ತದೆ.

ಎರಡನೇ ಮಂಡಳಿ

ಮಾರ್ಚ್ 2010ರಲ್ಲಿ ಸೋನಿಯಾ ಗಾಂಧಿ ಅಧ್ಯಕ್ಷತೆಯಲ್ಲೇ ಮಂಡಳಿ ಪುನರ್ರಚನೆಯಾಯಿತು. ಅರುಣಾ ರಾಯ್, ಡ್ರೀಜ್, ಸಕ್ಸೇನಾ ಮರಳಿದರು, ಎಂ.ಎಸ್. ಸ್ವಾಮಿನಾಥನ್, ಮಾಧವ ಗಾಡ್ಗೀಳ್, ರಾಮ್ ದಯಾಳ್ ಮುಂಡಾ, ಹರ್ಷ ಮಂದರ್, ಫರಾ ನಖ್ವಿ, ದೀಪ್ ಜೋಶಿ ಮೊದಲಾದವರು ಸೇರಿಕೊಂಡರು. ಕಾರ್ಯವಿಧಾನ ಮೊದಲಿಗಿಂತ ವ್ಯವಸ್ಥಿತವಾಗಿತ್ತು. ವಿಷಯವಾರು ಉಪಗುಂಪುಗಳಿದ್ದವು, ಕರಡುಗಳನ್ನು ಜಾಲತಾಣದಲ್ಲಿ ಪ್ರಕಟಿಸಿ ಅಭಿಪ್ರಾಯ ಕೇಳಲಾಗುತ್ತಿತ್ತು. ಇಷ್ಟಾದರೂ ಫಲ ಮೊದಲಿನಷ್ಟು ಬರಲಿಲ್ಲ.

ಆಹಾರ ಭದ್ರತೆಯ ವಿಷಯದಲ್ಲಿ ಮಂಡಳಿಯೊಳಗೇ ಭಿನ್ನಮತವಿತ್ತು. ಪಡಿತರ ಎಲ್ಲರಿಗೂ ಸಿಗಬೇಕು, ಬಡವರನ್ನು ಗುರುತಿಸುವ ಪಟ್ಟಿಯೇ ಬಡವರನ್ನು ಹೊರಗಿಡುತ್ತದೆ ಎಂಬುದು ಡ್ರೀಜ್ ಅವರ ವಾದ. ಅಕ್ಟೋಬರ್ 2010ರಲ್ಲಿ ಮಂಡಳಿ ಜನಸಂಖ್ಯೆಯ ಶೇ 75ರಷ್ಟು ಮಂದಿಯನ್ನು ಆದ್ಯತೆ ಮತ್ತು ಸಾಮಾನ್ಯ ಎಂಬ ಎರಡು ವರ್ಗಗಳಲ್ಲಿ ಸೇರಿಸುವ ಶಿಫಾರಸು ಮಾಡಿದಾಗ ಅವರು ಭಿನ್ನಾಭಿಪ್ರಾಯದ ಟಿಪ್ಪಣಿ ಬರೆದರು. ಇದನ್ನು ಪರಿಶೀಲಿಸಲು ಪ್ರಧಾನಿಯವರು ನೇಮಿಸಿದ್ದ ಸಿ. ರಂಗರಾಜನ್ ನೇತೃತ್ವದ ತಜ್ಞರ ಸಮಿತಿ ಜನವರಿ 2011ರಲ್ಲಿ ಈ ಶಿಫಾರಸೂ ಕಾರ್ಯಸಾಧುವಲ್ಲ ಎಂದಿತು. 2013ರಲ್ಲಿ, ಮೊದಲು ಸುಗ್ರೀವಾಜ್ಞೆಯಾಗಿ, ನಂತರ ಕಾಯ್ದೆಯಾಗಿ ಬಂದದ್ದು ಗ್ರಾಮೀಣ ಜನಸಂಖ್ಯೆಯ ಶೇ 75, ನಗರ ಜನಸಂಖ್ಯೆಯ ಶೇ 50ರವರೆಗೆ ತಲಾ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕು. ಮಂಡಳಿ ಕೇಳಿದ್ದಕ್ಕಿಂತ ಕಡಿಮೆ, ಹಣಕಾಸು ಮತ್ತು ಕೃಷಿ ಆಡಳಿತ ಕೊಡಲು ಒಪ್ಪುತ್ತಿದ್ದುದಕ್ಕಿಂತ ಹೆಚ್ಚು. ಇಲ್ಲಿಯೂ ಹೊರಗಿನ ಕೆಲಸ ಗಟ್ಟಿಯಾಗಿತ್ತು. 2001ರಿಂದ ಸುಪ್ರೀಂ ಕೋರ್ಟ್‌ನಲ್ಲಿ ಆಹಾರದ ಹಕ್ಕಿನ ಪ್ರಕರಣ ನಡೆಯುತ್ತಿತ್ತು, ಮಂಡಳಿಯ ಸಕ್ಸೇನಾ ಮತ್ತು ಮಂದರ್ ಅದೇ ಪ್ರಕರಣದಲ್ಲಿ ನ್ಯಾಯಾಲಯದ ಆಯುಕ್ತರಾಗಿದ್ದವರು. ಪೂರ್ತಿ ಸೋಲದಿರಲು ಇದೇ ಕಾರಣವೆಂದು ನಾನು ತಿಳಿಯುತ್ತೇನೆ.

ಕೋಮು ಹಿಂಸೆ ತಡೆ ಮಸೂದೆಯ ಗತಿ ಬೇರೆ. 2011ರಲ್ಲಿ ಮಂಡಳಿ ಪ್ರಕಟಿಸಿದ ಕರಡು ಬಲಿಪಶುಗಳ ರಕ್ಷಣೆ, ಅಧಿಕಾರಿಗಳ ಹೊಣೆಗಾರಿಕೆಯಂಥ ಗಂಭೀರ ವಿಷಯಗಳನ್ನು ಎತ್ತಿತ್ತು. ಆದರೆ ರಕ್ಷಣೆ ಪಡೆಯುವ ಗುಂಪು ಯಾವುದು ಎಂಬ ವ್ಯಾಖ್ಯೆಯ ಬಗ್ಗೆ ತೀವ್ರ ವಿರೋಧ ಬಂತು. ಕಾನೂನು ಸುವ್ಯವಸ್ಥೆ ರಾಜ್ಯಗಳ ವಿಷಯ, ಕೇಂದ್ರ ಅದರೊಳಗೆ ಕೈಹಾಕುತ್ತಿದೆ ಎಂಬ ಆಕ್ಷೇಪವನ್ನು ಬೇರೆ ಬೇರೆ ಪಕ್ಷಗಳ ರಾಜ್ಯ ಸರ್ಕಾರಗಳು ಎತ್ತಿದವು. ಬದಲಾದ ರೂಪದ ಮಸೂದೆಯನ್ನೂ ಫೆಬ್ರುವರಿ 2014ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಲಾಗಲಿಲ್ಲ. ಕರಡು ಬರೆದವರ ಕಾಳಜಿಯಲ್ಲಿ ಕೊರತೆಯಿರಲಿಲ್ಲ. ಆದರೆ ರಾಜ್ಯಗಳ ಜತೆ, ವಿರೋಧಿಸುವವರ ಜತೆ ವರ್ಷಗಟ್ಟಲೆ ನಡೆಯಬೇಕಾದ ಮಾತುಕತೆ ನಡೆದಿರಲಿಲ್ಲ, ಮಂಡಳಿಯ ಪತ್ರ ಆ ಮಾತುಕತೆಯ ಸ್ಥಾನ ತುಂಬಲಾರದಾಯಿತು.

ಕೂಲಿಯ ವಿಷಯ ನಮ್ಮ ರಾಜ್ಯಕ್ಕೂ ಸಂಬಂಧಿಸಿದ್ದು. ಉದ್ಯೋಗ ಖಾತ್ರಿಯ ಕೆಲಸಗಾರರಿಗೆ ಆಯಾ ರಾಜ್ಯದ ಶಾಸನಬದ್ಧ ಕನಿಷ್ಠ ಕೂಲಿ ಕೊಡಬೇಕೆಂದು ಮಂಡಳಿ ಶಿಫಾರಸು ಮಾಡಿತ್ತು. ಉದ್ಯೋಗ ಖಾತ್ರಿ ಕಾಯ್ದೆಯ 6ನೇ ಪ್ರಕರಣ ಕನಿಷ್ಠ ಕೂಲಿ ಕಾಯ್ದೆಯನ್ನು ಲೆಕ್ಕಿಸದೆ ದರ ನಿಗದಿಪಡಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ ಎಂಬ ನಿಲುವಿನಿಂದ ಸರ್ಕಾರ ಸರಿಯಲಿಲ್ಲ. ಸೆಪ್ಟೆಂಬರ್ 2011ರಲ್ಲಿ ಕರ್ನಾಟಕ ಹೈಕೋರ್ಟ್ ಕನಿಷ್ಠ ಕೂಲಿ ನೀಡುವಂತೆ ಆದೇಶಿಸಿತು. ಕೇಂದ್ರ ಸುಪ್ರೀಂ ಕೋರ್ಟ್‌ಗೆ ಮೇಲ್ಮನವಿ ಹೋಯಿತು, ಅಲ್ಲಿ ತಡೆಯಾಜ್ಞೆ ಸಿಗಲಿಲ್ಲ. ಆದರೂ ನಿಲುವು ಬದಲಾಗಲಿಲ್ಲ. ಮೇ 2013ರಲ್ಲಿ ಮಂಡಳಿಯಲ್ಲಿ ಮುಂದುವರಿಯಲು ಇಚ್ಛಿಸುವುದಿಲ್ಲವೆಂದು ಅರುಣಾ ರಾಯ್ ಹೊರನಡೆದಾಗ ತಮ್ಮ ಪತ್ರದಲ್ಲಿ ಹೇಳಿದ ನೋವು ಇದೇ. ಇಪ್ಪತ್ತು ವರ್ಷಗಳ ಹಿಂದೆ ರಾಜಸ್ಥಾನದ ಕಾಮಗಾರಿಗಳಲ್ಲಿ ಎದ್ದ ಬೇಡಿಕೆಯನ್ನು ತಾವೇ ರೂಪಿಸಲು ನೆರವಾದ ಕಾಯ್ದೆಯ ಅಡಿಯಲ್ಲಿ ಅದೇ ಸರ್ಕಾರ ನಿರಾಕರಿಸಿದಾಗ, ಸಲಹೆಗಾರರ ಕೈಯಲ್ಲಿ ಉಳಿದಿದ್ದ ಸಾಧನ ಹೊರನಡೆಯುವುದೊಂದೇ.

ಆಕ್ಷೇಪಗಳ ತೂಕ

ಮಂಡಳಿಯನ್ನು 'ಸೂಪರ್ ಕ್ಯಾಬಿನೆಟ್' ಎಂದು ಟೀಕಿಸಿದವರು ಹಲವರು. ಚುನಾಯಿತರಲ್ಲದವರು ಕಾನೂನು ಮಾಡುವುದು ಪ್ರಜಾಪ್ರಭುತ್ವವೇ ಎಂಬುದು ಅವರ ಪ್ರಶ್ನೆ. ಈ ಆಕ್ಷೇಪದ ಒಂದು ಭಾಗ ನನಗೆ ಒಪ್ಪಿಗೆಯಾಗುವುದಿಲ್ಲ. ಮಂಡಳಿಯ ಯಾವ ಕರಡೂ ಸಂಸತ್ತನ್ನು ಬದಿಗೊತ್ತಿ ಕಾನೂನಾಗಲಿಲ್ಲ; ಮಾಹಿತಿ ಹಕ್ಕಿನ ಮಸೂದೆಗೆ ಅತಿ ಮುಖ್ಯ ತಿದ್ದುಪಡಿಗಳು ಬಂದದ್ದೇ ಚುನಾಯಿತ ಸದಸ್ಯರಿದ್ದ ಸ್ಥಾಯಿ ಸಮಿತಿಯಿಂದ. ಸರ್ಕಾರಕ್ಕೆ ಉದ್ಯಮ ಸಂಘಗಳು, ಹಣಕಾಸು ತಜ್ಞರು, ನಿವೃತ್ತ ಅಧಿಕಾರಿಗಳು ಸದಾ ಸಲಹೆ ಕೊಡುತ್ತಲೇ ಇರುತ್ತಾರೆ, ಅದು ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ ಎಂಬ ಕಾರಣಕ್ಕೆ ಚರ್ಚೆಯಾಗುವುದಿಲ್ಲ. ಕೂಲಿಕಾರರ ಪರವಾಗಿ ಮಾತನಾಡುವವರಿಗೆ ಹೆಸರುಪಟ್ಟಿ ಇರುವ, ಶಿಫಾರಸು ಪ್ರಕಟಿಸುವ ವೇದಿಕೆಯೊಂದು ಸಿಕ್ಕಿದಾಗ ಮಾತ್ರ ಅದು ಸಂವಿಧಾನಬಾಹಿರವಾಗಿ ಕಂಡದ್ದು ನ್ಯಾಯವಲ್ಲ.

ಇನ್ನೊಂದು ಭಾಗ ಗಟ್ಟಿಯಾದದ್ದು. ಸಲಹೆ ಕೊಡುವ ಮಂಡಳಿಯ ಅಧ್ಯಕ್ಷರೇ ಸಲಹೆ ಕೇಳುವ ಸರ್ಕಾರದ ರಾಜಕೀಯ ಮುಖ್ಯಸ್ಥರಾಗಿದ್ದಾಗ ಸಲಹೆಗೂ ಸೂಚನೆಗೂ ನಡುವಿನ ಗೆರೆ ಅಳಿಸಿಹೋಗುತ್ತದೆ. ಒಪ್ಪಿದ ಸಲಹೆಯ ಶ್ರೇಯ ಪಕ್ಷಕ್ಕೆ ಹೋಗುತ್ತದೆ, ಒಪ್ಪದ ಸಲಹೆಗೆ ಯಾರೂ ಉತ್ತರಿಸಬೇಕಾಗುವುದಿಲ್ಲ. ಸದಸ್ಯರನ್ನು ಆರಿಸುವವರೂ ಅವರೇ ಆದ್ದರಿಂದ ಯಾರು ನಾಗರಿಕ ಸಮಾಜ, ಯಾರು ಅಲ್ಲ ಎಂಬುದನ್ನು ಆಳುವವರೇ ತೀರ್ಮಾನಿಸಿದಂತಾಗುತ್ತದೆ. ಏಪ್ರಿಲ್ 2011ರಲ್ಲಿ ಲೋಕಪಾಲ ಮಸೂದೆಗಾಗಿ ಐವರು ಸಚಿವರು ಮತ್ತು ಅಣ್ಣಾ ಹಜಾರೆ, ಸಂತೋಷ್ ಹೆಗ್ಡೆ ಸೇರಿದಂತೆ ಹೊರಗಿನ ಐವರ ಜಂಟಿ ಕರಡು ಸಮಿತಿ ರಚನೆಯಾದದ್ದು ಗಮನಿಸಬೇಕಾದ ಸಂಗತಿ. ಅದಾಗಲೇ ಒಂದು ಸಲಹಾ ಮಂಡಳಿ ಕೆಲಸ ಮಾಡುತ್ತಿತ್ತು. ಆದರೂ ಬೀದಿಯಲ್ಲಿದ್ದ ಜನ ಅದನ್ನು ತಮ್ಮ ಪ್ರತಿನಿಧಿಯೆಂದು ನೋಡಲಿಲ್ಲ.

ಆದ್ದರಿಂದ ಇಂಥ ಮಂಡಳಿಗೆ ಶಾಸನದ ಆಧಾರ, ಸರ್ಕಾರದಿಂದ ಸ್ವತಂತ್ರವಾದ ಅಧ್ಯಕ್ಷರು, ನಿಗದಿತ ಅವಧಿ, ಶಿಫಾರಸು ತಿರಸ್ಕರಿಸಿದರೆ ಲಿಖಿತ ಕಾರಣವನ್ನು ಸಂಸತ್ತಿನ ಮುಂದಿಡುವ ಕಡ್ಡಾಯ ಬೇಕಿತ್ತು. ಇವುಗಳಲ್ಲಿ ಕೊನೆಯದು ಇದ್ದಿದ್ದರೆ ಕನಿಷ್ಠ ಕೂಲಿಯ ಪ್ರಶ್ನೆ ಪತ್ರ ವ್ಯವಹಾರದಲ್ಲಿ ಕೊನೆಗೊಳ್ಳುತ್ತಿರಲಿಲ್ಲ, ಸದನದಲ್ಲಿ ಚರ್ಚೆಗೆ ಬರುತ್ತಿತ್ತು.

ಮೇ 2014ರಲ್ಲಿ ಸರ್ಕಾರ ಬದಲಾದೊಡನೆ ಮಂಡಳಿಯೂ ಇಲ್ಲವಾಯಿತು. ಅದು ನೆರವಾದ ಮಾಹಿತಿ ಹಕ್ಕು ಕಾಯ್ದೆ ಉಳಿದಿದೆ, ಆದರೆ ಹಾಗೆಯೇ ಉಳಿದಿಲ್ಲ: 2019ರ ತಿದ್ದುಪಡಿ ಮಾಹಿತಿ ಆಯುಕ್ತರ ಅವಧಿ ಮತ್ತು ವೇತನ ನಿರ್ಧರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ವಿನಾಯಿತಿಯನ್ನು ಹಿಗ್ಗಿಸಿತು. ಎರಡೂ ಸಂದರ್ಭಗಳಲ್ಲಿ ಸರ್ಕಾರದೊಳಗೆ ಕುಳಿತು ಆಕ್ಷೇಪ ಎತ್ತುವ ಮಂಡಳಿ ಇರಲಿಲ್ಲ, ಹೊರಗೆ ಎದ್ದ ಆಕ್ಷೇಪ 2006ರಲ್ಲಿ ಆದಂತೆ ಫಲಿಸಲಿಲ್ಲ.

ಮಂಡಳಿ ತನ್ನ ಕೊನೆಯ ದಿನಗಳಲ್ಲಿ ಮುಂದಿಟ್ಟ ಇನ್ನೊಂದು ವಿಚಾರ ಅಷ್ಟಾಗಿ ಸುದ್ದಿಯಾಗಲಿಲ್ಲ. ಮಸೂದೆಗಳನ್ನು ಸಂಪುಟದ ಮುಂದಿಡುವ ಮೊದಲೇ ಜನರ ಮುಂದಿಡಬೇಕು ಎಂಬ ಒತ್ತಾಯ ಅದು. 2014ರ ಆರಂಭದಲ್ಲಿ ಕೇಂದ್ರ ಸರ್ಕಾರ ಶಾಸನಪೂರ್ವ ಸಮಾಲೋಚನಾ ನೀತಿಯನ್ನು ಅಂಗೀಕರಿಸಿತು. ಅದರ ಪ್ರಕಾರ ಪ್ರತಿ ಇಲಾಖೆ ಕರಡು ಮಸೂದೆಯನ್ನು, ಅದರ ಅಗತ್ಯ, ಆರ್ಥಿಕ ಹೊರೆ, ಪರಿಸರ ಮತ್ತು ಮೂಲಭೂತ ಹಕ್ಕುಗಳ ಮೇಲಿನ ಪರಿಣಾಮದ ವಿವರಣೆಯೊಂದಿಗೆ, ಕನಿಷ್ಠ 30 ದಿನ ಸಾರ್ವಜನಿಕರಿಗೆ ತೆರೆದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಮಂಡಳಿಯಲ್ಲಿ ಸ್ಥಾನ ಪಡೆದ ಕೆಲವರಿಗೆ ಮಾತ್ರ ಸಿಕ್ಕಿದ್ದ ಅವಕಾಶವನ್ನು ಇದು ತತ್ವಶಃ ಎಲ್ಲರಿಗೂ ಕೊಡುತ್ತದೆ. ಆದರೆ ಇದು ನೀತಿ ಮಾತ್ರ, ಕಾಯ್ದೆಯಲ್ಲ. ಸಮಾಲೋಚನೆ ಕಾರ್ಯಸಾಧ್ಯವಲ್ಲವೆಂದು ಇಲಾಖೆಗೆ ತೋರಿದರೆ ಸಂಪುಟ ಟಿಪ್ಪಣಿಯಲ್ಲಿ ಕಾರಣ ಬರೆದು ಅದನ್ನು ಬಿಟ್ಟುಬಿಡಬಹುದು, ಪಾಲಿಸದ ಇಲಾಖೆಗೆ ದಂಡವಿಲ್ಲ, ಪಾಲಿಸಿಲ್ಲವೆಂದು ದೂರು ಕೊಡಲು ಪ್ರಾಧಿಕಾರವೂ ಇಲ್ಲ.